ನ್ಯೂಟ್ರಾನುಗಳು ತೆರೆದಿಟ್ಟ ತವರ-116ರ ಒಳರಚನೆ

ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ಕಲಾಯಿ ಹಾಕುವುದನ್ನು ನೀವು ನೋಡಿರಬಹುದು. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿ, ಕರಗಿದ ತವರವನ್ನು ಬಟ್ಟೆಯಿಂದ ಸವರಿದರೆ ಬೆಳ್ಳಿಯಂತೆ ಹೊಳೆಯುವ ತೆಳು ಪದರವೊಂದು ಅಂಟಿಕೊಳ್ಳುತ್ತದೆ. ರೇಡಿಯೋ, ಟಿ.ವಿ. ದುರಸ್ತಿ ಮಾಡುವವರ ಬೆಸುಗೆ ತಂತಿಯಲ್ಲಿಯೂ ಇರುವುದು ಮುಖ್ಯವಾಗಿ ತವರವೇ. ರಸಾಯನ ವಿಜ್ಞಾನದ ದೃಷ್ಟಿಯಿಂದ ಇದೆಲ್ಲ ಒಂದೇ ಧಾತು. ಆದರೆ ನ್ಯೂಕ್ಲಿಯಸ್ಸಿನ ಮಟ್ಟಕ್ಕೆ ಇಳಿದು ನೋಡಿದರೆ ಕಲಾಯಿಯ ಆ ತೆಳು ಪದರದಲ್ಲಿ ಹತ್ತು ಬಗೆಯ ನ್ಯೂಕ್ಲಿಯಸ್ಸುಗಳು ಬೆರೆತಿವೆ.

ತವರದ ಪರಮಾಣು ಸಂಖ್ಯೆ 50. ಅಂದರೆ ಅದರ ಪ್ರತಿಯೊಂದು ನ್ಯೂಕ್ಲಿಯಸ್ಸಿನಲ್ಲೂ 50 ಪ್ರೋಟಾನುಗಳಿವೆ. ಜೊತೆಗಿರುವ ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಬೇರೆ ಬೇರೆ. ಒಟ್ಟು ಕಣಗಳ ಸಂಖ್ಯೆ 112, 114, 115, 116, 117, 118, 119, 120, 122 ಮತ್ತು 124 ಆಗಿರುವ ಹತ್ತು ಸ್ಥಿರ ಐಸೊಟೋಪುಗಳು ತವರಕ್ಕಿವೆ. ಬೇರಾವ ಧಾತುವಿಗೂ ಇಷ್ಟು ಸ್ಥಿರ ಐಸೊಟೋಪುಗಳಿಲ್ಲ. ಆವರ್ತ ಕೋಷ್ಟಕದಲ್ಲಿ ಅದರ ಬಲಗಡೆಯ ನೆರೆಯಾದ ಆಂಟಿಮನಿಗೆ ಇರುವುದು ಎರಡೇ. ಒಂದು ಸಾವಿರ ತವರದ ಪರಮಾಣುಗಳನ್ನು ಆರಿಸಿಕೊಂಡರೆ ಅವುಗಳಲ್ಲಿ ಸುಮಾರು 326 ತವರ-120, ಸುಮಾರು 145 ತವರ-116 ಆಗಿರುತ್ತವೆ. ತವರ-115 ಸಿಗುವುದು ಮೂರೋ ನಾಲ್ಕೋ ಅಷ್ಟೆ.

ಈ ಹತ್ತರಲ್ಲಿ ಒಂದಾದ ತವರ-116ರ ಒಳರಚನೆಯನ್ನು ನ್ಯೂಟ್ರಾನುಗಳ ನೆರವಿನಿಂದ ಹೇಗೆ ತಿಳಿದುಕೊಂಡರು, ಅದರಿಂದ ಏನು ಕಲಿತರು ಎಂಬುದನ್ನು ಇಲ್ಲಿ ನೋಡೋಣ.

ತುಂಬಿದ ಕವಚ, ಜೋಡಿಗೂಡಿದ ಕಣಗಳು

ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಕವಚಗಳಲ್ಲಿ ತುಂಬಿಕೊಳ್ಳುತ್ತವೆ. ಕವಚ ಭರ್ತಿಯಾದಾಗ ಹೀಲಿಯಂ, ನಿಯಾನ್‌ಗಳಂಥ ಜಡ ಅನಿಲಗಳು ದೊರೆಯುತ್ತವೆ. ನ್ಯೂಕ್ಲಿಯಸ್ಸಿನಲ್ಲಿಯೂ ಇಂಥದೇ ಏರ್ಪಾಡಿದೆ. ಪ್ರೋಟಾನುಗಳಿಗೆ ಒಂದು ಸರಣಿ ಕವಚಗಳು, ನ್ಯೂಟ್ರಾನುಗಳಿಗೆ ಇನ್ನೊಂದು ಸರಣಿ. 2, 8, 20, 28, 50, 82, 126 ಕಣಗಳಿಗೆ ಕವಚಗಳು ಭರ್ತಿಯಾಗುತ್ತವೆ. ಇವನ್ನು ಮಾಂತ್ರಿಕ ಸಂಖ್ಯೆಗಳೆಂದು ಕರೆಯುವುದು ವಾಡಿಕೆ. 1948ರಲ್ಲಿ ಮರಿಯಾ ಗೊಯೆಪರ್ಟ್ ಮೇಯರ್ ಈ ಸಂಖ್ಯೆಗಳ ಪರವಾಗಿ ಸಾಕ್ಷ್ಯಗಳನ್ನು ಒಟ್ಟುಗೂಡಿಸಿದಾಗ, ತವರಕ್ಕೆ ಇರುವ ಅಷ್ಟೊಂದು ಐಸೊಟೋಪುಗಳು 50 ಎಂಬ ಸಂಖ್ಯೆಗೆ ಒಂದು ಬಲವಾದ ಆಧಾರವಾಗಿದ್ದವು. ಕವಚ ಮಾದರಿಗಾಗಿ ಆಕೆ ಮತ್ತು ಹಾನ್ಸ್ ಯೆನ್ಸೆನ್ 1963ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು.

ತವರ-116ರಲ್ಲಿ 50 ಪ್ರೋಟಾನುಗಳು ಮತ್ತು 66 ನ್ಯೂಟ್ರಾನುಗಳು. ಪ್ರೋಟಾನುಗಳ ಕವಚ ಭರ್ತಿಯಾಗಿದೆ; ಅವು ಸುಲಭವಾಗಿ ಅಲುಗುವುದಿಲ್ಲ. ನ್ಯೂಟ್ರಾನುಗಳಲ್ಲಿ 50 ಭರ್ತಿ ಕವಚದೊಳಗೆ ಕುಳಿತಿವೆ. ಉಳಿದ 16 ನ್ಯೂಟ್ರಾನುಗಳು ಮುಂದಿನ ಕವಚದಲ್ಲಿವೆ. ಆ ಕವಚದಲ್ಲಿ ಇರುವುದು 32 ಸ್ಥಾನ. ಅಂದರೆ ಅದು ಸರಿಯಾಗಿ ಅರ್ಧ ತುಂಬಿದೆ. ಸರಳವಾಗಿ ಹೇಳುವುದಾದರೆ ತವರ-116ರ ನಡವಳಿಕೆಯನ್ನು ಬಹುಮಟ್ಟಿಗೆ ಈ 16 ನ್ಯೂಟ್ರಾನುಗಳೇ ನಿರ್ಧರಿಸಬೇಕು.

ಈ ನ್ಯೂಟ್ರಾನುಗಳು ಒಂಟಿಯಾಗಿರಲು ಬಯಸುವುದಿಲ್ಲ, ಎರಡೆರಡಾಗಿ ಜೋಡಿಗೂಡುತ್ತವೆ. ಇದಕ್ಕೆ ನೇರ ಸಾಕ್ಷ್ಯ ಬೇಕೆ? ತವರದ ಬೇರೆ ಬೇರೆ ಐಸೊಟೋಪುಗಳಿಂದ ಒಂದು ನ್ಯೂಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿಯನ್ನು ಗಮನಿಸಿ. (ಶಕ್ತಿಯನ್ನು ಇಲ್ಲಿ ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಅಂದರೆ ಎಂಇವಿಗಳಲ್ಲಿ ಕೊಟ್ಟಿದೆ. ಅದರ ಸಾವಿರದಲ್ಲೊಂದು ಭಾಗ ಒಂದು ಕೆಇವಿ.)

ತವರ-116: 9.56
ತವರ-117: 6.94
ತವರ-118: 9.33
ತವರ-119: 6.48
ತವರ-120: 9.11
ತವರ-121: 6.17

ಒಂದು ಹೆಚ್ಚು, ಒಂದು ಕಡಿಮೆ. ಮತ್ತೆ ಹೆಚ್ಚು, ಮತ್ತೆ ಕಡಿಮೆ. ತವರ-117ರಲ್ಲಿ ಒಂಟಿಯಾಗಿ ಉಳಿದ ನ್ಯೂಟ್ರಾನನ್ನು ತೆಗೆಯುವುದು ಸುಲಭ. ತವರ-116ರಲ್ಲಾದರೋ ಮೊದಲು ಒಂದು ಜೋಡಿಯನ್ನು ಮುರಿಯಬೇಕು. ಜೋಡಿ ಮುರಿಯುವುದಕ್ಕೆ ತೆರಬೇಕಾದ ಬೆಲೆ ಸುಮಾರು ಎರಡೂವರೆ ಎಂಇವಿ ಎಂಬುದು ಈ ಪಟ್ಟಿಯಿಂದಲೇ ತಿಳಿಯುತ್ತದೆ. ಅತಿವಾಹಕಗಳಲ್ಲಿ ಎಲೆಕ್ಟ್ರಾನುಗಳು ಜೋಡಿಗೂಡುವುದನ್ನು 1957ರಲ್ಲಿ ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ವಿವರಿಸಿದರು. ಮರುವರ್ಷವೇ ಒಗೆ ಬೋರ್, ಮಾಟಲ್‌ಸನ್ ಮತ್ತು ಪೈನ್ಸ್ ನ್ಯೂಕ್ಲಿಯಸ್ಸಿನಲ್ಲಿಯೂ ಅಂಥದೇ ಜೋಡಿಗಾರಿಕೆ ಇದೆಯೆಂದು ಸೂಚಿಸಿದರು. ಆ ವಿಚಾರವನ್ನು ಒರೆಗೆ ಹಚ್ಚಿ ನೋಡಲು ತವರದಷ್ಟು ಅನುಕೂಲವಾದ ಧಾತು ಇನ್ನೊಂದಿಲ್ಲ.

ಹಾಜರಿ ಪುಸ್ತಕದ ಪ್ರಶ್ನೆ

ನ್ಯೂಕ್ಲಿಯಸ್ಸಿಗೆ ಶಕ್ತಿ ಕೊಟ್ಟರೆ ಅದು ತನ್ನ ತಳಮಟ್ಟದಿಂದ ಮೇಲಿನ ಯಾವುದಾದರೊಂದು ಶಕ್ತಿಮಟ್ಟಕ್ಕೆ ಏರುತ್ತದೆ. ಆಗ ಅದು ಉದ್ರಿಕ್ತವಾಯಿತು ಎನ್ನುತ್ತೇವೆ. ಮತ್ತೆ ಕೆಳಗಿಳಿಯುವಾಗ ಆ ವ್ಯತ್ಯಾಸದಷ್ಟು ಶಕ್ತಿಯ ಗ್ಯಾಮ ಕಿರಣ ಹೊರಬೀಳುತ್ತದೆ. ಪ್ರತಿ ಮಟ್ಟಕ್ಕೂ ಮೂರು ಗುರುತುಗಳಿವೆ: ಅದರ ಶಕ್ತಿ, ಅದರ ಗಿರಕಿ (0, 1, 2... ಎಂಬ ಕೋನೀಯ ಸಂವೇಗದ ಸಂಖ್ಯೆ) ಮತ್ತು ಅದರ ಪ್ಯಾರಿಟಿ (+ ಅಥವಾ –, ಕನ್ನಡಿಯ ಪ್ರತಿಬಿಂಬದಲ್ಲಿ ಚಿಹ್ನೆ ಬದಲಾಗುತ್ತದೆಯೋ ಇಲ್ಲವೋ ಎಂಬುದರ ಸೂಚನೆ). ಜೋಡಿಗಳೆಲ್ಲ ಕೂಡಿಕೊಂಡಿರುವ ತಳಮಟ್ಟ 0+. ತವರ-116ರ ಮೊದಲ ಉದ್ರಿಕ್ತ ಮಟ್ಟ 2+. ಅದು 1294 ಕೆಇವಿ ಎತ್ತರದಲ್ಲಿದೆ.

ಸಿದ್ಧಾಂತಿಗಳು ತಮ್ಮ ಮಾದರಿಯಿಂದ ಇಂಥ ಶಕ್ತಿಯಲ್ಲಿ ಇಂಥ ಮಟ್ಟಗಳು ಇರಬೇಕು ಎಂದು ಲೆಕ್ಕ ಹಾಕುತ್ತಾರೆ. ಪ್ರಯೋಗಕಾರರು ಕಂಡ ಮಟ್ಟಗಳೊಂದಿಗೆ ಅದನ್ನು ಹೋಲಿಸಬೇಕು. ಇಲ್ಲಿಯೇ ಒಂದು ತೊಡಕು. ಮಾದರಿ ಹೇಳಿದ ಒಂದು ಮಟ್ಟ ಪ್ರಯೋಗದಲ್ಲಿ ಕಾಣದಿದ್ದರೆ ತಪ್ಪು ಮಾದರಿಯದೋ, ಪ್ರಯೋಗದ ಕಣ್ಣಿಗೆ ಆ ಮಟ್ಟ ಬೀಳಲಿಲ್ಲವೋ? ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಗೈರುಹಾಜರಾಗಿದ್ದಾನೆಂದು ಬರೆಯಬೇಕಾದರೆ ಅಧ್ಯಾಪಕರು ಅವನ ಹೆಸರನ್ನು ಕರೆದಿರಬೇಕಷ್ಟೆ. ಕರೆಯದೆಯೇ ಗೈರುಹಾಜರಿ ಹಾಕುವಂತಿಲ್ಲ. ಹಾಗೆಯೇ, ಒಂದು ಶಕ್ತಿಯ ಮಿತಿಯೊಳಗಿನ ಎಲ್ಲ ಮಟ್ಟಗಳನ್ನೂ ಹುಡುಕಿ ಮುಗಿಸಿದ್ದೇವೆ ಎಂಬ ಭರವಸೆ ಇದ್ದಾಗ ಮಾತ್ರ ಇಂಥ ಮಟ್ಟ ಇಲ್ಲ ಎಂಬ ಮಾತಿಗೆ ಬೆಲೆ. ಸಂಪೂರ್ಣ ಪಟ್ಟಿಗೆ ವಿಜ್ಞಾನಿಗಳು ಅಷ್ಟು ಮಹತ್ವ ಕೊಡುವುದು ಇದಕ್ಕಾಗಿ.

ಎಲ್ಲ ವಿಧಾನಗಳೂ ಎಲ್ಲ ಮಟ್ಟಗಳನ್ನು ತೋರಿಸುವುದಿಲ್ಲ. ಆಲ್ಫಾ ಕಣ ಅಥವಾ ಭಾರವಾದ ಅಯಾನುಗಳಿಂದ ಹೊಡೆದರೆ ನ್ಯೂಕ್ಲಿಯಸ್ ವೇಗವಾಗಿ ತಿರುಗತೊಡಗುತ್ತದೆ. ಹೆಚ್ಚಿನ ಗಿರಕಿಯ ಮಟ್ಟಗಳು ಮಾತ್ರ ಎದ್ದು ಕಾಣುತ್ತವೆ. ಕಣವೊಂದನ್ನು ಸೇರಿಸುವ ಅಥವಾ ಕಸಿಯುವ ಕ್ರಿಯೆಗಳಲ್ಲಿ ಅದಕ್ಕೆ ಹೊಂದುವ ರಚನೆಯುಳ್ಳ ಮಟ್ಟಗಳಷ್ಟೇ ತಲೆ ಎತ್ತುತ್ತವೆ. ಇವೆಲ್ಲ ತಮಗೆ ಬೇಕಾದವರನ್ನಷ್ಟೇ ಮಾತನಾಡಿಸುವ ಅತಿಥಿಗಳಿದ್ದಂತೆ. ನ್ಯೂಟ್ರಾನು ಹಾಗಲ್ಲ.

ನ್ಯೂಟ್ರಾನಿಗೆ ಬಾಗಿಲಿಲ್ಲ

ತವರದ ನ್ಯೂಕ್ಲಿಯಸ್ಸಿನೊಳಕ್ಕೆ ಪ್ರೋಟಾನು ನುಗ್ಗಬೇಕಾದರೆ ಅಲ್ಲಿನ 50 ಪ್ರೋಟಾನುಗಳ ವಿಕರ್ಷಣೆಯನ್ನು ಎದುರಿಸಬೇಕು. ಈ ತಡೆಗೋಡೆಯ ಎತ್ತರ ಸುಮಾರು 10 ಎಂಇವಿ. ವಿದ್ಯುದಂಶವಿಲ್ಲದ ನ್ಯೂಟ್ರಾನಿಗೆ ಆ ಗೋಡೆಯೇ ಇಲ್ಲ. ಕೋಣೆಯ ತಾಪದಲ್ಲಿ ಅಡ್ಡಾಡುವ, ಒಂದು ಎಲೆಕ್ಟ್ರಾನ್ ವೋಲ್ಟಿನ ನಲವತ್ತನೇ ಒಂದು ಭಾಗದಷ್ಟು ಶಕ್ತಿಯ, ಸೆಕೆಂಡಿಗೆ 2200 ಮೀಟರ್ ವೇಗದ ಮಂದ ನ್ಯೂಟ್ರಾನು ಕೂಡ ಸಲೀಸಾಗಿ ಒಳಹೊಕ್ಕೀತು. ಚಾಡ್‌ವಿಕ್ 1932ರಲ್ಲಿ ನ್ಯೂಟ್ರಾನನ್ನು ಗುರುತಿಸಿದ ಎರಡೇ ವರ್ಷಗಳಲ್ಲಿ, ಮಂದ ನ್ಯೂಟ್ರಾನುಗಳು ವೇಗದವುಗಳಿಗಿಂತ ಹೆಚ್ಚು ಸುಲಭವಾಗಿ ಸೆರೆಯಾಗುತ್ತವೆ ಎಂಬುದನ್ನು ಫರ್ಮಿ ಮತ್ತು ಸಂಗಡಿಗರು ರೋಮ್‌ನಲ್ಲಿ ಕಂಡುಕೊಂಡರು.

ಒಳಹೊಕ್ಕ ನ್ಯೂಟ್ರಾನು ತನ್ನ ಶಕ್ತಿಯನ್ನು ನ್ಯೂಕ್ಲಿಯಸ್ಸಿನ ಎಲ್ಲ ಕಣಗಳಿಗೂ ಹಂಚಿಬಿಡುತ್ತದೆ. ತಾನು ಹೇಗೆ ಬಂತು ಎಂಬುದರ ನೆನಪು ಬಹುಪಾಲು ಅಳಿಸಿಹೋಗುತ್ತದೆ. ಆದುದರಿಂದ ಮುಂದೆ ಯಾವ ಮಟ್ಟ ತುಂಬಬೇಕು ಎಂಬುದರಲ್ಲಿ ಪಕ್ಷಪಾತ ಕಡಿಮೆ. ಗಿರಕಿ ತೀರಾ ಹೆಚ್ಚಿಲ್ಲದ ಎಲ್ಲ ಮಟ್ಟಗಳಿಗೂ ಅವುಗಳ ಒಳರಚನೆ ಏನೇ ಇರಲಿ, ಒಂದಿಷ್ಟು ಪಾಲು ಸಿಗುತ್ತದೆ. ಸಂಪೂರ್ಣ ಪಟ್ಟಿ ತಯಾರಿಸಲು ಬೇಕಾದ್ದು ಇಂಥದೇ ಸಾಧನ.

ತವರ-116ನ್ನು ತಲುಪಲು ಎರಡು ನ್ಯೂಟ್ರಾನ್ ದಾರಿಗಳಿವೆ. ಒಂದು ಸೆರೆಯ ದಾರಿ, ಇನ್ನೊಂದು ಚದರಿಕೆಯ ದಾರಿ.

ಮೊದಲ ದಾರಿ: ಸೆರೆ

ತವರ-115ಕ್ಕೆ ಒಂದು ನ್ಯೂಟ್ರಾನನ್ನು ಕೂಡಿಸಿದರೆ ತವರ-116. ನೈಸರ್ಗಿಕ ತವರದಲ್ಲಿ ತವರ-115 ಇರುವುದು ಶೇಕಡ 0.34 ಮಾತ್ರವಾದ್ದರಿಂದ ಅದನ್ನು ಬೇರ್ಪಡಿಸಿ ಸಾಂದ್ರಗೊಳಿಸಿದ ಮಾದರಿ ಬೇಕು. ಒಂದು ಅನುಕೂಲವೂ ಇದೆ. ಮಂದ ನ್ಯೂಟ್ರಾನುಗಳನ್ನು ಹಿಡಿಯುವ ಸಾಮರ್ಥ್ಯ, ಅಂದರೆ ಅಡ್ಡಕೊಯ್ತ, ತವರದ ಸ್ಥಿರ ಐಸೊಟೋಪುಗಳ ಪೈಕಿ ತವರ-115ಕ್ಕೇ ಎಲ್ಲಕ್ಕಿಂತ ಹೆಚ್ಚು.

ಮಾದರಿಯನ್ನು ರಿಯಾಕ್ಟರಿನ ಮಂದ ನ್ಯೂಟ್ರಾನುಗಳಿಗೆ ಒಡ್ಡುತ್ತಾರೆ. ನ್ಯೂಟ್ರಾನು ತಂದ ಚಲನಶಕ್ತಿ ಗಣನೆಗೆ ಬಾರದಷ್ಟು ಕಡಿಮೆ. ಆದರೆ ಅದು ಒಳಸೇರಿ ಬಂಧಿತವಾದಾಗ 9563 ಕೆಇವಿ ಶಕ್ತಿ ಬಿಡುಗಡೆಯಾಗುತ್ತದೆ. ಹಿಂದಿನ ಪಟ್ಟಿಯಲ್ಲಿ ತವರ-116ರ ಎದುರು ಇದ್ದ 9.56 ಇದೇ. ಹೀಗೆ ತವರ-116 ಹುಟ್ಟುವಾಗಲೇ 9563 ಕೆಇವಿ ಎತ್ತರದಲ್ಲಿರುತ್ತದೆ. ಅಲ್ಲಿಂದ ಅದು ಒಂದೇ ಜಿಗಿತದಲ್ಲಿ ತಳಕ್ಕೆ ಇಳಿಯಬಹುದು. ಹೆಚ್ಚಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಇಳಿತದ ಮೊದಲ ಗ್ಯಾಮ ಕಿರಣಕ್ಕೆ ಪ್ರಾಥಮಿಕ ಗ್ಯಾಮ ಎಂದು ಹೆಸರು.

ಪ್ರಾಥಮಿಕ ಗ್ಯಾಮದ ಶಕ್ತಿ ತಿಳಿದರೆ ಅದು ತಲುಪಿದ ಮಟ್ಟದ ಎತ್ತರ ಸರಳ ವ್ಯವಕಲನದಿಂದ ಸಿಗುತ್ತದೆ. 7451 ಕೆಇವಿ ಶಕ್ತಿಯ ಪ್ರಾಥಮಿಕ ಗ್ಯಾಮ ಹೊರಬಿದ್ದರೆ 9563ರಿಂದ ಅದನ್ನು ಕಳೆಯಿರಿ; 2112 ಕೆಇವಿಯಲ್ಲಿ ಒಂದು ಮಟ್ಟವಿದೆ ಎಂದಾಯಿತು. ನಿಖರವಾದ ಲೆಕ್ಕದಲ್ಲಿ ಒಂದು ಸಣ್ಣ ತಿದ್ದುಪಡಿಯೂ ಬೇಕು. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವಂತೆ, ಗ್ಯಾಮ ಹೊರಟಾಗ ನ್ಯೂಕ್ಲಿಯಸ್ ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ಖರ್ಚಾಗುವ ಶಕ್ತಿ ಇಲ್ಲಿ ಸುಮಾರು 0.26 ಕೆಇವಿ. ಸಂವೇಗ ಸಂರಕ್ಷಣೆಯ ನಿಯಮದಿಂದ ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು: ಗ್ಯಾಮದ ಶಕ್ತಿಯ ವರ್ಗವನ್ನು, ನ್ಯೂಕ್ಲಿಯಸ್ಸಿನ ರಾಶಿಗೆ ಸಮನಾದ ಶಕ್ತಿಯ ಎರಡರಷ್ಟರಿಂದ ಭಾಗಿಸಿದರಾಯಿತು.

ಸೆರೆಯ ದಾರಿಗೆ ಒಂದು ಮಿತಿ ಇದೆ. ತವರ-115ರ ಗಿರಕಿ ಅರ್ಧ; ನ್ಯೂಟ್ರಾನಿನದೂ ಅರ್ಧ. ಮಂದ ನ್ಯೂಟ್ರಾನು ಕಕ್ಷೀಯ ಕೋನೀಯ ಸಂವೇಗವನ್ನು ಹೊತ್ತು ತರುವುದಿಲ್ಲ. ಆದ್ದರಿಂದ ಹುಟ್ಟಿದ ಸ್ಥಿತಿಯ ಗಿರಕಿ 0 ಅಥವಾ 1 ಮಾತ್ರ. ಪ್ರಬಲವಾದ ಪ್ರಾಥಮಿಕ ಗ್ಯಾಮ ಒಂದರಿಂದ ಗಿರಕಿ ಹೆಚ್ಚೆಂದರೆ ಒಂದರಷ್ಟು ಬದಲಾಗುವುದರಿಂದ ನೇರವಾಗಿ ತಲುಪುವುದು 0, 1, 2 ಗಿರಕಿಯ ಮಟ್ಟಗಳನ್ನು. ಅದಕ್ಕಿಂತ ಹೆಚ್ಚಿನವು ಮುಂದಿನ ಮೆಟ್ಟಿಲುಗಳಲ್ಲಿ ಅಷ್ಟಿಷ್ಟು ಕಂಡಾವು.

ಎರಡನೆಯ ದಾರಿ: ಚದರಿಕೆ

ಈ ಕೊರತೆಯನ್ನು ತುಂಬುವುದು ಅಸ್ಥಿತಿಸ್ಥಾಪಕ ಚದರಿಕೆ. ಇಲ್ಲಿ ಮಾದರಿ ತವರ-115 ಅಲ್ಲ, ಸಾಂದ್ರಗೊಳಿಸಿದ ತವರ-116. ವೇಗವರ್ಧಕದಿಂದ ಬಂದ ಪ್ರೋಟಾನುಗಳನ್ನು ಟ್ರಿಟಿಯಮ್ಮಿಗೆ ಬಡಿಸಿದರೆ ಗೊತ್ತಾದ ಶಕ್ತಿಯ ನ್ಯೂಟ್ರಾನುಗಳು ದೊರೆಯುತ್ತವೆ. ಅವು ತವರ-116ಕ್ಕೆ ಬಡಿದು, ತಮ್ಮ ಶಕ್ತಿಯಲ್ಲಿ ಒಂದು ಪಾಲನ್ನು ಅಲ್ಲಿ ಬಿಟ್ಟು ಹೊರಗೆ ಹೋಗುತ್ತವೆ. ಉದ್ರಿಕ್ತವಾದ ನ್ಯೂಕ್ಲಿಯಸ್ ಗ್ಯಾಮ ಸೂಸಿ ತಣಿಯುತ್ತದೆ. ಹಲವು ಎಂಇವಿ ಶಕ್ತಿಯ ನ್ಯೂಟ್ರಾನು ಕೋನೀಯ ಸಂವೇಗವನ್ನೂ ತರಬಲ್ಲದಾದ್ದರಿಂದ 4, 5, 6 ಗಿರಕಿಯ ಮಟ್ಟಗಳೂ ತೆರೆದುಕೊಳ್ಳುತ್ತವೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ವೇಗವರ್ಧಕ ಪ್ರಯೋಗಾಲಯ ಈ ಬಗೆಯ ಅಧ್ಯಯನಗಳಿಗೆ ಹೆಸರಾಯಿತು.

ಈ ವಿಧಾನದಲ್ಲಿ ಮೂರು ಸಂಗತಿಗಳನ್ನು ಅಳೆಯಬಹುದು.

ಒಂದು, ಹೊಸ್ತಿಲು. ನ್ಯೂಟ್ರಾನುಗಳ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಿ. 1294 ಕೆಇವಿ ಮಟ್ಟದ ಗ್ಯಾಮ, ನ್ಯೂಟ್ರಾನಿನ ಶಕ್ತಿ ಸುಮಾರು 1305 ಕೆಇವಿ ದಾಟಿದ ಮೇಲಷ್ಟೇ ತೋರುತ್ತದೆ. ಹೆಚ್ಚುವರಿ 11 ಕೆಇವಿ ನ್ಯೂಕ್ಲಿಯಸ್ಸನ್ನು ಮುಂದಕ್ಕೆ ತಳ್ಳಲು ವೆಚ್ಚವಾಗುತ್ತದೆ. ರೋಹಿತದಲ್ಲಿ ಕಂಡ ಯಾವುದೋ ಒಂದು ಗ್ಯಾಮ ಯಾವ ಮಟ್ಟದಿಂದ ಹೊರಟಿತು ಎಂಬ ಪ್ರಶ್ನೆಗೆ ಇದಕ್ಕಿಂತ ಸರಳ ಉತ್ತರವಿಲ್ಲ. ಅದು ಮೊದಲು ಕಾಣಿಸಿಕೊಂಡ ಶಕ್ತಿಯೇ ಅದರ ಊರಿನ ವಿಳಾಸ.

ಎರಡು, ದಿಕ್ಕು. 0 ಗಿರಕಿಯ ಮಟ್ಟದಿಂದ ಹೊರಟ ಗ್ಯಾಮಗಳು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತವೆ. ಬೇರೆ ಗಿರಕಿಯ ಮಟ್ಟಗಳಿಂದ ಹೊರಟವು ಕೆಲವು ಕೋನಗಳಲ್ಲಿ ಹೆಚ್ಚು, ಕೆಲವು ಕೋನಗಳಲ್ಲಿ ಕಡಿಮೆ. ಸಂಸೂಚಕವನ್ನು ಬೇರೆ ಬೇರೆ ಕೋನಗಳಲ್ಲಿಟ್ಟು ಎಣಿಸಿದರೆ ಗಿರಕಿಯನ್ನು ಗುರುತಿಸಬಹುದು.

ಮೂರು, ಆಯುಷ್ಯ. 4 ಎಂಇವಿ ನ್ಯೂಟ್ರಾನು ಬಡಿದಾಗ ತವರ-116 ಬೆಳಕಿನ ವೇಗದ ಸುಮಾರು ಹತ್ತು ಸಾವಿರದಲ್ಲಿ ಎಂಟರಷ್ಟು ವೇಗದಿಂದ ಮುಂದಕ್ಕೆ ಹೊರಡುತ್ತದೆ. ಓಡುತ್ತಿರುವಾಗಲೇ ಗ್ಯಾಮ ಸೂಸಿದರೆ ಡಾಪ್ಲರ್ ಪರಿಣಾಮದಿಂದ ಅದರ ಶಕ್ತಿ ಒಂದಿಷ್ಟು ಬದಲಾಗುತ್ತದೆ. 1000 ಕೆಇವಿ ಗ್ಯಾಮಕ್ಕೆ ಹೆಚ್ಚೆಂದರೆ 0.8 ಕೆಇವಿ. ಸುತ್ತಲ ಪರಮಾಣುಗಳಿಗೆ ತಾಗಿ ನ್ಯೂಕ್ಲಿಯಸ್ ಬೇಗನೆ ನಿಂತುಬಿಡುತ್ತದೆ. ನಿಂತ ಮೇಲೆ ಸೂಸಿದರೆ ಬದಲಾವಣೆ ಇಲ್ಲ. ಹೀಗೆ ಬದಲಾವಣೆಯ ಪ್ರಮಾಣವನ್ನು ನೋಡಿ, ಸೆಕೆಂಡಿನ ಲಕ್ಷಕೋಟಿಯಲ್ಲೊಂದು ಭಾಗಕ್ಕಿಂತಲೂ ಕಿರಿದಾದ ಆಯುಷ್ಯವನ್ನು ಅಳೆಯುತ್ತಾರೆ. ಇಷ್ಟು ಸೂಕ್ಷ್ಮ ವ್ಯತ್ಯಾಸಗಳನ್ನು ಗುರುತಿಸಲು ದ್ರವ ನೈಟ್ರೊಜನ್ನಿನಿಂದ ತಣಿಸಿದ ಜರ್ಮೇನಿಯಂ ಸಂಸೂಚಕಗಳು ಬೇಕು.

ಎರಡೂ ದಾರಿಗಳನ್ನು ಕೂಡಿಸುವುದರಲ್ಲಿ ಒಂದು ಜಾಣತನವಿದೆ. ಮಾದರಿಗಳು ಬೇರೆ, ಅವುಗಳಲ್ಲಿನ ಕಲಬೆರಕೆ ಬೇರೆ, ನ್ಯೂಟ್ರಾನುಗಳ ಮೂಲ ಬೇರೆ. ಕೊನೆಗೆ ಸಿಗುವ ನ್ಯೂಕ್ಲಿಯಸ್ ಮಾತ್ರ ಒಂದೇ. ಎರಡರಲ್ಲೂ ಅದೇ ಗ್ಯಾಮ ಕಂಡರೆ ಅದು ತವರ-116ರದೇ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಎಸ್. ರಾಮನ್ ಮತ್ತು ಸಂಗಡಿಗರು ಹೀಗೆ ಎರಡೂ ಬಗೆಯ ಅಳತೆಗಳನ್ನು ಒಂದುಗೂಡಿಸಿ, 4.3 ಎಂಇವಿಗಿಂತ ಕೆಳಗಿನ ಹೆಚ್ಚುಕಡಿಮೆ ಸಂಪೂರ್ಣ ಎನ್ನಬಹುದಾದ ಮಟ್ಟಗಳ ಪಟ್ಟಿಯನ್ನು 1991ರಲ್ಲಿ ಫಿಸಿಕಲ್ ರಿವ್ಯೂ ಸಿ ಪತ್ರಿಕೆಯಲ್ಲಿ ಪ್ರಕಟಿಸಿದರು.

ಪಟ್ಟಿ ಏನು ಹೇಳುತ್ತದೆ?

ಆರಂಭದ ಕೆಲವು ಮಟ್ಟಗಳನ್ನು ನೋಡಿ. ಶಕ್ತಿ ಕೆಇವಿಗಳಲ್ಲಿದೆ.

0: 0+
1294: 2+
1757: 0+
2027: 0+
2112: 2+
2225: 2+
2266: 3–
2366: 5–
2391: 4+
2529: 4+

ಮೊದಲ ಪ್ರಶ್ನೆ: ಜೋಡಿ ಮುರಿಯಲು ಎರಡೂವರೆ ಎಂಇವಿ ಬೇಕಾದರೆ ಮೊದಲ 2+ ಮಟ್ಟ ಅದರ ಅರ್ಧದಷ್ಟರಲ್ಲೇ ಇರುವುದೇಕೆ? ಜೋಡಿಯನ್ನು ಒಂದೇ ಬಗೆಯಲ್ಲಿ ಅಲ್ಲ, ಹಲವು ಬಗೆಗಳಲ್ಲಿ ಮುರಿಯಬಹುದು. ಈ ಬಗೆಗಳೆಲ್ಲ ಒಂದಕ್ಕೊಂದು ತಾಳ ಹಾಕಿ ಕೂಡಿಕೊಂಡಾಗ ಶಕ್ತಿ ಕೆಳಗಿಳಿಯುತ್ತದೆ. ತವರ-112ರಿಂದ ತವರ-124ರವರೆಗೆ ಸಮಸಂಖ್ಯೆಯ ಎಲ್ಲ ಐಸೊಟೋಪುಗಳಲ್ಲೂ ಈ ಮಟ್ಟ 1130 ಮತ್ತು 1300 ಕೆಇವಿಗಳ ನಡುವೆಯೇ ಇದೆ. ನ್ಯೂಟ್ರಾನುಗಳು ಎಷ್ಟಿದ್ದರೂ ಒಂದು ಜೋಡಿ ಮುರಿಯುವ ವೆಚ್ಚ ಬದಲಾಗದು ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಸಿಗದು. ನ್ಯೂಟ್ರಾನುಗಳ ಕವಚವೂ ಭರ್ತಿಯಾಗುವ ತವರ-132ರಲ್ಲಿ ಮಾತ್ರ ಈ ಮಟ್ಟ ಒಮ್ಮೆಗೇ 4041 ಕೆಇವಿಗೆ ಜಿಗಿಯುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಕುತೂಹಲದ್ದು. ನ್ಯೂಕ್ಲಿಯಸ್ಸನ್ನು ನಡುಗುವ ಹನಿಯೆಂದು ಭಾವಿಸಿದರೆ 2+ ಮಟ್ಟ ಒಂದು ಕಂಪನ. ಎರಡು ಕಂಪನಗಳು ಕೂಡಿದಾಗ ಅದರ ಎರಡರಷ್ಟು ಎತ್ತರದಲ್ಲಿ, ಅಂದರೆ 2.6 ಎಂಇವಿ ಆಸುಪಾಸಿನಲ್ಲಿ, ಒಂದು 0+, ಒಂದು 2+, ಒಂದು 4+ ಬರಬೇಕು. ಪಟ್ಟಿಯಲ್ಲಾದರೋ 2.1 ಎಂಇವಿಗಿಂತ ಕೆಳಗೇ ಎರಡು ಉದ್ರಿಕ್ತ 0+ ಮಟ್ಟಗಳಿವೆ! 2+, 4+ ಮಟ್ಟಗಳೂ ಒಂದೊಂದು ಹೆಚ್ಚಾಗಿವೆ. ಕರೆಯದೆ ಬಂದ ಈ ಅತಿಥಿಗಳು ಯಾರು?

ಉತ್ತರ, ಅಲುಗದೆಂದು ನಾವು ಬದಿಗಿಟ್ಟಿದ್ದ ಪ್ರೋಟಾನುಗಳಲ್ಲಿದೆ. ಒಂದು ಜೊತೆ ಪ್ರೋಟಾನುಗಳು ತುಂಬಿದ ಕವಚವನ್ನು ಬಿಟ್ಟು ಮೇಲಿನ ಕವಚಕ್ಕೆ ಏರಿಬಿಡುತ್ತವೆ. ಇದು ದುಬಾರಿ ನೆಗೆತ. ಆದರೆ ಮೇಲೇರಿದ ಜೋಡಿ ಮತ್ತು ಕೆಳಗೆ ಉಳಿದ ತೆರವು, ಎರಡೂ 16 ನ್ಯೂಟ್ರಾನುಗಳೊಂದಿಗೆ ಬಲವಾಗಿ ವರ್ತಿಸಿ, ಗೋಳಾಕಾರದ ನ್ಯೂಕ್ಲಿಯಸ್ಸನ್ನು ವಿರೂಪಗೊಳಿಸುತ್ತವೆ; ಖರ್ಚಿನ ಬಹುಭಾಗ ಹೀಗೆ ಹಿಂದಕ್ಕೆ ಬರುತ್ತದೆ. ನ್ಯೂಟ್ರಾನುಗಳ ಕವಚ ಅರ್ಧ ತುಂಬಿದಾಗ ಈ ಲಾಭ ಹೆಚ್ಚು. ತವರ-116ರದು ಅದೇ ಸ್ಥಿತಿಯಲ್ಲವೇ? ವಿರೂಪಗೊಂಡ ನ್ಯೂಕ್ಲಿಯಸ್ ತಿರುಗಬಲ್ಲದು. ತಿರುಗಿದಾಗ 0+, 2+, 4+, 6+ ಎಂದು ಒಂದರ ಮೇಲೊಂದು ಮಟ್ಟಗಳ ಏಣಿ ಮೂಡುತ್ತದೆ. ಸಮಸಂಖ್ಯೆಯ ತವರದ ಐಸೊಟೋಪುಗಳಲ್ಲಿ ಇಂಥ ಏಣಿಗಳನ್ನು ಬ್ರಾನ್ ಮತ್ತು ಸಂಗಡಿಗರು 1979ರಲ್ಲಿ ವರದಿ ಮಾಡಿದ್ದರು. ಒಂದೇ ನ್ಯೂಕ್ಲಿಯಸ್ಸಿನಲ್ಲಿ ಗೋಳಾಕಾರ ಮತ್ತು ವಿರೂಪ ಆಕಾರಗಳು ಅಕ್ಕಪಕ್ಕದ ಶಕ್ತಿಗಳಲ್ಲಿ ಬಾಳುವುದನ್ನು ಆಕಾರಗಳ ಸಹಬಾಳ್ವೆ ಎನ್ನುತ್ತಾರೆ.

85 ಕೆಇವಿಯ ಕ್ಷೀಣ ಸಾಕ್ಷಿ

ಏಣಿಯ ತಳದ ಮೆಟ್ಟಿಲು ಯಾವುದು? 1757ರ 0+ ಎಂದೇ ಬಹುಕಾಲ ಭಾವಿಸಲಾಗಿತ್ತು. ಅದರ ಮೇಲೆ 2112ರ 2+, 2529ರ 4+. ಪಟ್ಟಿ ಸಂಪೂರ್ಣವಾಗಿದ್ದರೂ ಯಾವ ಮಟ್ಟ ಯಾವ ಕುಟುಂಬಕ್ಕೆ ಸೇರಿದ್ದು ಎಂಬುದನ್ನು ಶಕ್ತಿ ಒಂದೇ ಹೇಳಲಾರದು. 2112ರ ಮಟ್ಟ ಎರಡು 0+ ಮಟ್ಟಗಳಿಗೂ ಇಳಿಯಬಹುದು. ಯಾವುದರೊಂದಿಗೆ ಅದರ ನಂಟು ಗಟ್ಟಿ?

1757ಕ್ಕೆ ಇಳಿದರೆ 355 ಕೆಇವಿ ಗ್ಯಾಮ. 2027ಕ್ಕೆ ಇಳಿದರೆ 85 ಕೆಇವಿ ಗ್ಯಾಮ. ಈ ಬಗೆಯ ಇಳಿತದ ದರ ಗ್ಯಾಮ ಶಕ್ತಿಯ ಐದನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 355ನ್ನು 85ರಿಂದ ಭಾಗಿಸಿ ಐದನೆಯ ಘಾತಕ್ಕೇರಿಸಿ: ಸುಮಾರು 1300 ಬರುತ್ತದೆ. ಅಂದರೆ ಎರಡೂ ನಂಟುಗಳು ಸಮಾನವಾಗಿದ್ದರೂ 85 ಕೆಇವಿ ಗ್ಯಾಮ 1300 ಪಟ್ಟು ವಿರಳ. ರೋಹಿತದಲ್ಲಿ ಅದು ಹುದುಗಿಹೋಗುವುದು ಸಹಜ.

ಕೆನಡಾದ ಟ್ರಯಂಫ್ ಪ್ರಯೋಗಾಲಯದಲ್ಲಿ, 20 ಜರ್ಮೇನಿಯಂ ಸಂಸೂಚಕಗಳ ವ್ಯೂಹದ ನಡುವೆ ಇಂಡಿಯಂ-116 ಬೀಟಾ ಕ್ಷಯದಿಂದ ತವರ-116 ಆಗುವುದನ್ನು ದಾಖಲಿಸಿ, ಪೋರ್ ಮತ್ತು ಸಂಗಡಿಗರು ಈ ಕ್ಷೀಣ ಗ್ಯಾಮವನ್ನು ಅಳೆದರು. 2017ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಶಕ್ತಿಯ ಅಂಶವನ್ನು ಬದಿಗಿಟ್ಟು ನೋಡಿದರೆ 2027ರೊಂದಿಗಿನ ನಂಟೇ ಹೆಚ್ಚು ಬಲವಾದದ್ದು. ಆದುದರಿಂದ ಏಣಿಯ ತಳದ ಮೆಟ್ಟಿಲು 1757 ಅಲ್ಲ, 2027 ಎಂದು ಅವರು ಸೂಚಿಸಿದರು. ಎರಡು 0+ ಮಟ್ಟಗಳೂ ಒಂದರೊಳಗೊಂದು ಬೆರೆತಿರುವುದರಿಂದ ಎರಡಕ್ಕೂ ಇಳಿತವಿದೆ. ವಿರೂಪ ಆಕಾರದ ಹೆಚ್ಚಿನ ಪಾಲು ಮೇಲಿನದರಲ್ಲಿದೆ. ಹಳೆಯ ಪಟ್ಟಿಯ ಒಂದು ಮಟ್ಟವೂ ಇದರಿಂದ ಸುಳ್ಳಾಗಲಿಲ್ಲ. ಅದು ಭದ್ರವಾಗಿದ್ದುದರಿಂದಲೇ ಇಷ್ಟು ನವಿರಾದ ಪ್ರಶ್ನೆಯನ್ನು ಕೇಳುವುದು ಸಾಧ್ಯವಾಯಿತು.

ತರಗತಿಗೊಂದು ಅಭ್ಯಾಸ

ತವರ-116ರ ಮಟ್ಟಗಳನ್ನು ನೋಡಲು ದೊಡ್ಡ ವೇಗವರ್ಧಕವೇ ಬೇಕೆಂದಿಲ್ಲ. ನೈಸರ್ಗಿಕ ಇಂಡಿಯಮ್ಮಿನಲ್ಲಿ ಶೇಕಡ 95ಕ್ಕೂ ಹೆಚ್ಚು ಇಂಡಿಯಂ-115 ಇದೆ. ನ್ಯೂಟ್ರಾನ್ ಆಕರವಿರುವ ಸ್ನಾತಕೋತ್ತರ ಪ್ರಯೋಗಾಲಯದಲ್ಲಿ, ಸುರಕ್ಷತಾ ನಿಯಮಗಳಿಗೆ ಒಳಪಟ್ಟು, ಇಂಡಿಯಂ ಹಾಳೆಯೊಂದನ್ನು ಮಂದ ನ್ಯೂಟ್ರಾನುಗಳಿಗೆ ಒಡ್ಡಿದರೆ 54 ನಿಮಿಷ ಅರ್ಧಾಯುವಿನ ಇಂಡಿಯಂ-116 ಉಂಟಾಗುತ್ತದೆ. ಅದು ಎಲೆಕ್ಟ್ರಾನು ಸೂಸಿ ಉದ್ರಿಕ್ತ ತವರ-116 ಆಗುತ್ತದೆ. ಆಗ ಹೊರಬೀಳುವ ಗ್ಯಾಮಗಳಲ್ಲಿ ಆರು ಇಲ್ಲಿವೆ (ಕೆಇವಿ): 138.3, 416.9, 818.7, 1097.3, 1293.6, 2112.3.

ಮೇಲಿನ ಮಟ್ಟಗಳ ಪಟ್ಟಿಯನ್ನು ಮುಚ್ಚಿಟ್ಟು, ಈ ಆರು ಸಂಖ್ಯೆಗಳಿಂದಲೇ ಮಟ್ಟಗಳ ನಕ್ಷೆ ಕಟ್ಟುವಂತೆ ವಿದ್ಯಾರ್ಥಿಗಳಿಗೆ ಹೇಳಿ. ಮೊದಲ ಮೆಟ್ಟಿಲು 1293.6 ಎಂಬ ಒಂದು ಸುಳಿವು ಸಾಕು. 818.7 ಮತ್ತು 1293.6 ಕೂಡಿದರೆ 2112.3. ಆರನೆಯ ಗ್ಯಾಮವೂ ಅಷ್ಟೇ ಆದುದರಿಂದ ಅಲ್ಲೊಂದು ಮಟ್ಟವಿದೆ. ಅದು ತಳಕ್ಕೆ ನೇರವಾಗಿಯೂ ಇಳಿಯುತ್ತದೆ, ಎರಡು ಹೆಜ್ಜೆಯಲ್ಲಿಯೂ ಇಳಿಯುತ್ತದೆ. ಮುಂದೆ 416.9 ಮತ್ತು 818.7ರ ಮೊತ್ತ 1235.6, 138.3 ಮತ್ತು 1097.3ರ ಮೊತ್ತವೂ 1235.6! ಒಂದೇ ಮಟ್ಟದಿಂದ ಹೊರಟು 1293.6ನ್ನು ತಲುಪುವ ಎರಡು ಬೇರೆ ಬೇರೆ ದಾರಿಗಳಿವು. ಹಾಗಾದರೆ ಹೊರಟ ಮಟ್ಟ 2529.2 ಆಗಬೇಕು. 1293.6ಕ್ಕೆ 1097.3 ಕೂಡಿಸಿದರೆ ಸಿಗುವ 2390.9 ಇನ್ನೊಂದು ಮಟ್ಟ. ಸಂಶೋಧಕರು ನೂರಾರು ಗ್ಯಾಮಗಳೊಂದಿಗೆ ಮಾಡುವುದೂ ಇದೇ ಲೆಕ್ಕ. ಮೊತ್ತಗಳು ಆಕಸ್ಮಿಕವಾಗಿಯೂ ತಾಳೆಯಾಗಬಹುದಾದ್ದರಿಂದಲೇ ಅವರಿಗೆ ಹೊಸ್ತಿಲು, ದಿಕ್ಕು ಮುಂತಾದ ಬೇರೆ ಸಾಕ್ಷಿಗಳು ಬೇಕಾಗುತ್ತವೆ.

ಇಂಡಿಯಂ-115 ನ್ಯೂಟ್ರಾನನ್ನು ಹಿಡಿದು ತವರ-116 ಆಗುವ ಕ್ರಿಯೆ ಪ್ರಯೋಗಾಲಯಕ್ಕಷ್ಟೇ ಸೀಮಿತವಲ್ಲ. ಮುಪ್ಪಿನ ಹಂತದ ಕೆಂಪು ದೈತ್ಯ ನಕ್ಷತ್ರಗಳ ಒಡಲಲ್ಲಿ ನ್ಯೂಕ್ಲಿಯಸ್ಸುಗಳು ನಿಧಾನವಾಗಿ, ಒಂದೊಂದಾಗಿ ನ್ಯೂಟ್ರಾನುಗಳನ್ನು ನುಂಗುತ್ತ ಭಾರವಾದ ಧಾತುಗಳಾಗಿ ಬೆಳೆಯುತ್ತವೆ. ಸ್ಫೋಟಕ ಸನ್ನಿವೇಶಗಳಲ್ಲಿ ನಡೆಯುವ ಕ್ಷಿಪ್ರ ಸೆರೆಯಿಂದ ತವರ-116 ಉಂಟಾಗದು. ಆ ದಾರಿಯಲ್ಲಿ ಬರುವ ನ್ಯೂಕ್ಲಿಯಸ್ಸುಗಳು ಕ್ಯಾಡ್ಮಿಯಂ-116ರಲ್ಲಿಯೇ ನಿಂತುಬಿಡುತ್ತವೆ. ಆದುದರಿಂದ ಕಲಾಯಿಯ ಪದರದಲ್ಲಿರುವ ತವರ-116ರ ಪರಮಾಣುಗಳು ಬಹುಪಾಲು ಅಂಥ ನಕ್ಷತ್ರಗಳಲ್ಲಿ ನಿಧಾನ ಸೆರೆಯಿಂದ ಹುಟ್ಟಿದವು. ಅವುಗಳನ್ನು ಕಟ್ಟಿದ್ದು ನ್ಯೂಟ್ರಾನು. ಅವುಗಳ ಒಳರಚನೆಯನ್ನು ನಮಗೆ ತೋರಿಸಿದ್ದೂ ನ್ಯೂಟ್ರಾನೇ.